ಗಾಂಜಾ ಬಿಟ್ಟು 3 ವಾರ ಆಯ್ತು, ಕೈ ಇನ್ನೂ ಹಿಡಿತಕ್ಕೆ ಬಂದಿಲ್ಲ: ಬಿಟ್ಟದ್ದೇ ತಪ್ಪಾ?

ಪ್ರಶ್ನೆ: ಡಾಕ್ಟರ್, ನನಗೆ 26 ವರ್ಷ. ಬೀದರ್‌ನವನು. ಮನೆಯಲ್ಲಿ ಬಿದ್ರಿ ಕೆಲಸ, ಅಪ್ಪನಿಂದ ಕಲಿತದ್ದು. ಕೆತ್ತಿದ ಗೆರೆಯಲ್ಲಿ ಬೆಳ್ಳಿ ತಂತಿ ಕೂಡಿಸುವುದು ನನ್ನ ಪಾಲಿನ ಕೆಲಸ. ಪಿಯುಸಿ ಓದುವಾಗ, 17ನೇ ವಯಸ್ಸಿಗೆ, ಗೆಳೆಯರ ಜೊತೆ ಗಾಂಜಾ ಶುರುವಾಯಿತು. ಈಚಿನ 5 ವರ್ಷ ದಿನಕ್ಕೆ 4-5 ಸೇದುತ್ತಿದ್ದೆ, ತಂಬಾಕಿಗೆ ಬೆರೆಸಿ. ಕೆಲಸಕ್ಕೆ ಕೂರುವ ಮೊದಲು ಒಂದು ಬೇಕೇ ಬೇಕಿತ್ತು. ಮನೆಯಲ್ಲಿ ಗೊತ್ತಾಯಿತು, ಅವ್ವ ಅತ್ತಳು, ಬಿಟ್ಟೆ. ಇವತ್ತಿಗೆ 22 ದಿನ. ಆದರೆ ಈಗ ಕೈ ನಡುಗುತ್ತದೆ, ಉಳಿ ಗೆರೆ ಬಿಟ್ಟು ಜಾರುತ್ತದೆ. ಗಿರಾಕಿ ಹೇಳಿದ ಅಳತೆ ಮನೆಗೆ ಬರುವಷ್ಟರಲ್ಲಿ ಮರೆತುಹೋಗುತ್ತದೆ. ಮೊನ್ನೆ ಬೈಕಿನಲ್ಲಿ ಹೋಗುವಾಗ ಎದುರಿಗೆ ಆಟೋ ಕಂಡರೂ ಬ್ರೇಕ್ ಹಿಡಿಯುವುದು ತಡವಾಯಿತು. ರಾತ್ರಿ ಕೆಟ್ಟ ಕನಸುಗಳು. ಜೊತೆಗೆ ಕೆಲಸ ಮಾಡುವ ಅಣ್ಣ ಒಬ್ಬರು, 'ಒಂದೇ ಒಂದು ದಮ್ ಎಳೆ, ಕೈ ನಿಲ್ಲುತ್ತದೆ' ಅಂತಾರೆ. ನಮ್ಮ ಓಣಿಯ ಅಜ್ಜ ಒಬ್ಬರು ಜೀವನ ಪೂರ್ತಿ ಚಿಲುಮೆ ಸೇದಿ 80 ವರ್ಷ ಬದುಕಿದರು, ಅವರಿಗೇನೂ ಆಗಲಿಲ್ಲ. ನನ್ನ ತಲೆ, ಕೈ ಮೊದಲಿನ ಹಾಗೆ ಆಗುತ್ತವಾ? ಬಿಟ್ಟದ್ದೇ ತಪ್ಪಾಯಿತಾ?

ಉತ್ತರ: ತಪ್ಪಾಗಿಲ್ಲ ತಮ್ಮಾ. ನಿಮ್ಮ ಪತ್ರವನ್ನು ನಾನು ಎರಡು ಸಲ ಓದಿದೆ. ಕಲಬುರಗಿಯಲ್ಲಿ ನನ್ನ ಹತ್ತಿರ ಬರುವ ಹುಡುಗರಲ್ಲಿ ಬಹಳ ಜನ ಮತ್ತೆ ಶುರುಮಾಡುವುದು ನೀವು ಈಗ ನಿಂತಿರುವ ಜಾಗದಲ್ಲೇ. ಮೊದಲ ವಾರದ ಕಷ್ಟವನ್ನು ಹಲ್ಲುಕಚ್ಚಿ ದಾಟಿರುತ್ತಾರೆ. ಮೂರನೇ ವಾರಕ್ಕೆ ಎಲ್ಲಾ ಸರಿಹೋಗಬೇಕಿತ್ತು ಅಂದುಕೊಂಡಿರುತ್ತಾರೆ. ಹೋಗಿರುವುದಿಲ್ಲ. ಆಗ 'ಇದಕ್ಕಿಂತ ಸೇದುವಾಗಲೇ ಚೆನ್ನಾಗಿದ್ದೆ' ಅನ್ನಿಸುತ್ತದೆ. ನಾನು ಮೊದಲಿಗೇ ಹೇಳಬೇಕಾದದ್ದು ಇಷ್ಟು: 22ನೇ ದಿನ ನಿಮ್ಮ ಕೈ ಬಗ್ಗೆ ತೀರ್ಪು ಕೊಡುವ ದಿನವಲ್ಲ. ಮರೆವು ಬೇಗ ಸುಧಾರಿಸುತ್ತದೆ. ಕೈ ಮತ್ತು ಕಣ್ಣಿನ ಹೊಂದಾಣಿಕೆ ನಿಧಾನ. ಎರಡೂ ಒಂದೇ ದಿನ ಬರುವುದಿಲ್ಲ.

ಯಾಕೆ ಅಂತ ತಿಳಿಯಲು ಗಾಂಜಾ ಒಳಗೆ ಏನು ಮಾಡುತ್ತದೆ ಎಂದು ಸ್ವಲ್ಪ ನೋಡೋಣ.

ಗಾಂಜಾದಲ್ಲಿ ಅಮಲು ಕೊಡುವ ಮುಖ್ಯ ವಸ್ತು ಟಿಎಚ್‌ಸಿ. 1964ರಲ್ಲಿ ಇಸ್ರೇಲಿನ ರಫಾಯಲ್ ಮೆಶೂಲಮ್ ಮತ್ತು ಯೆಹಿಯೆಲ್ ಗಾವೋನಿ ಅದನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದರು. ಅದು ಮೆದುಳಿನಲ್ಲಿ ಹೋಗಿ ಕೂರುವ ಜಾಗಕ್ಕೆ ಸಿಬಿ-1 ರಿಸೆಪ್ಟರ್ ಎನ್ನುತ್ತಾರೆ. ಬೀಗ ಇದ್ದ ಹಾಗೆ, ಸರಿಯಾದ ಕೀಲಿ ಬಂದರೆ ತೆರೆಯುತ್ತದೆ. ಈ ಬೀಗ ಗಾಂಜಾಕ್ಕಾಗಿ ಹುಟ್ಟಿದ್ದಲ್ಲ. ನಮ್ಮ ಮೆದುಳು ತಾನೇ ಒಂದು ಕೀಲಿ ತಯಾರಿಸಿಕೊಳ್ಳುತ್ತದೆ. ಅದನ್ನು 1992ರಲ್ಲಿ ಕಂಡುಹಿಡಿದಾಗ ನಮ್ಮ 'ಆನಂದ' ಶಬ್ದವನ್ನೇ ತೆಗೆದುಕೊಂಡು 'ಆನಂದಮೈಡ್' ಅಂತ ಹೆಸರಿಟ್ಟರು. ಹಸಿವು, ನೋವು, ನಿದ್ದೆ, ನೆನಪು, ಮೈಕೈಯ ಚಲನೆ, ಇವೆಲ್ಲದರಲ್ಲೂ ಅದರ ಕೈ ಇದೆ. ಅದು ಹನಿಹನಿಯಾಗಿ, ಬೇಕಾದ ಕಡೆ ಮಾತ್ರ ಬರುತ್ತದೆ, ಕೆಲಸ ಮುಗಿಸಿ ಹೋಗುತ್ತದೆ. ಟಿಎಚ್‌ಸಿ ಹಾಗಲ್ಲ. ಎಲ್ಲಾ ಕಡೆ ಒಟ್ಟಿಗೆ ನುಗ್ಗುತ್ತದೆ, ಗಂಟೆಗಟ್ಟಲೆ ಕೂರುತ್ತದೆ.

ಈ ಬೀಗಗಳು ಎಲ್ಲಿ ದಟ್ಟವಾಗಿವೆ ನೋಡಿ. ಹೊಸ ನೆನಪು ಕಟ್ಟುವ ಹಿಪ್ಪೊಕ್ಯಾಂಪಸ್‌ನಲ್ಲಿ. ಯೋಚನೆ, ಯೋಜನೆ ಮಾಡುವ ಹಣೆಯ ಹಿಂದಿನ ಭಾಗದಲ್ಲಿ. ಮತ್ತೆ ತಲೆಯ ಹಿಂಬದಿಯಲ್ಲಿರುವ ಕಿರುಮೆದುಳಿನಲ್ಲಿ. ಕೈ ಎಷ್ಟು ಒತ್ತಬೇಕು, ಎಲ್ಲಿ ನಿಲ್ಲಬೇಕು, ಕಣ್ಣು ಕಂಡದ್ದಕ್ಕೆ ಬೆರಳು ಎಷ್ಟು ಹೊತ್ತಿನಲ್ಲಿ ಓಗೊಡಬೇಕು ಎಂದು ಲೆಕ್ಕ ಇಡುವುದು ಈ ಕಿರುಮೆದುಳು. ನೀವು ಮೈಲುತುತ್ತ ಹಚ್ಚಿ ಕಪ್ಪು ಮಾಡಿದ ಹೂಜಿಯ ಮೇಲೆ ಬರಿಗೈಯಲ್ಲಿ ಬಳ್ಳಿ ಗೀಚುವಾಗ, ಆ ಗೆರೆಯ ಹಿಂದೆಯೇ ಉಳಿ ಓಡಿಸುವಾಗ, ಪೂರ್ತಿ ದುಡಿಯುವುದು ಅದೇ. ಹೀಗಾಗಿ ನೀವು ಬರೆದ ಮೂರು ದೂರು, ಮರೆವು, ಉಳಿ ಜಾರುವುದು, ಬ್ರೇಕ್ ತಡವಾಗುವುದು, ಬೇರೆಬೇರೆ ಕಾಯಿಲೆಗಳಂತೆ ನನಗೆ ಕಾಣುವುದಿಲ್ಲ. ಒಂದೇ ಊರಿನ ಮೂರು ಓಣಿಗಳು.

ಇನ್ನು ದಿನವೂ ಸೇದಿದರೆ ಏನಾಗುತ್ತದೆ? ನಿಮ್ಮ ಮನೆ ಮುಂದೆ ಯಾರೋ ದಿನವಿಡೀ ಡಿಜೆ ಹಾಕುತ್ತಾರೆ ಅಂದುಕೊಳ್ಳಿ. ನೀವು ಏನು ಮಾಡುತ್ತೀರಿ? ಒಂದೊಂದೇ ಕಿಟಕಿ ಮುಚ್ಚುತ್ತೀರಿ. ಮೆದುಳೂ ಅದನ್ನೇ ಮಾಡುತ್ತದೆ, ಸಿಬಿ-1 ಬೀಗಗಳನ್ನು ಒಳಗೆ ಎಳೆದುಕೊಳ್ಳುತ್ತದೆ. ಒಂದು ಸೇದಿದಾಗ ಸಿಗುತ್ತಿದ್ದ ಮತ್ತಿಗೆ ನಾಲ್ಕು ಬೇಕಾಗುವುದು ಇದಕ್ಕೇ. ಒಂದು ದಿನ ಡಿಜೆ ನಿಲ್ಲುತ್ತದೆ. ಆದರೆ ಕಿಟಕಿ ಇನ್ನೂ ಮುಚ್ಚಿವೆ. ಈಗ ಪಕ್ಕದ ಮನೆಯವರು ಮೆತ್ತಗೆ ಕರೆದರೂ ಕೇಳಿಸುವುದಿಲ್ಲ. ನಿಮ್ಮದೇ ಆನಂದಮೈಡ್‌ನ ದನಿ ಮೆತ್ತಗಿನದು. ಅದಕ್ಕೇ ಬಿಟ್ಟ ಮೊದಲ ದಿನಗಳಲ್ಲಿ ಊಟ ರುಚಿಸುವುದಿಲ್ಲ, ನಿದ್ದೆ ಹತ್ತುವುದಿಲ್ಲ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

ಕಿಟಕಿ ಮತ್ತೆ ತೆರೆಯುತ್ತವೆ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ, ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದ್ದಾರೆ. 2012ರಲ್ಲಿ ಅಮೆರಿಕದಲ್ಲಿ ಬಂದ ಒಂದು ಅಧ್ಯಯನದಲ್ಲಿ, ದಿನವೂ ಸೇದುತ್ತಿದ್ದವರ ಮೆದುಳಿನ ಹೊರಪದರದಲ್ಲಿ ಈ ರಿಸೆಪ್ಟರ್‌ಗಳು ಸುಮಾರು 20% ಕಡಿಮೆ ಇದ್ದವು. ಅವರನ್ನು ಸುಮಾರು 4 ವಾರ ಗಾಂಜಾ ಇಲ್ಲದೆ ಇಟ್ಟು ನೋಡಿದಾಗ ಹೆಚ್ಚಿನ ಕಡೆ ಮೊದಲಿನ ಮಟ್ಟಕ್ಕೆ ಬಂದವು. ಹಿಪ್ಪೊಕ್ಯಾಂಪಸ್ ಮಾತ್ರ ಅಷ್ಟು ಬೇಗ ಒಪ್ಪಲಿಲ್ಲ. 2016ರ ಇನ್ನೊಂದು ಅಧ್ಯಯನದಲ್ಲಿ ಈ ಚೇತರಿಕೆ ಬಿಟ್ಟ ಎರಡೇ ದಿನದಲ್ಲಿ ಶುರುವಾದದ್ದು ಕಂಡಿತು. ನಿಮ್ಮ ಅವ್ವ ಅತ್ತ ಆ ವಾರದಲ್ಲೇ ನಿಮ್ಮ ಮೆದುಳಿನ ರಿಪೇರಿ ಶುರುವಾಗಿದೆ.

ಮೊದಲು ಮರೆವಿನ ಮಾತು. 2001ರಲ್ಲಿ ಹ್ಯಾರಿಸನ್ ಪೋಪ್ ಎಂಬ ಮನೋವೈದ್ಯರ ತಂಡ, ಜೀವನದಲ್ಲಿ ಕಡಿಮೆ ಅಂದರೂ 5,000 ಸಲ ಸೇದಿದ ಜನರನ್ನು ತೆಗೆದುಕೊಂಡು 28 ದಿನ ಬಿಡಿಸಿತು. ಮೂತ್ರ ಪರೀಕ್ಷೆ ಮಾಡಿ, ಕದ್ದು ಸೇದುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡರು. ಪದಗಳ ಪಟ್ಟಿ ಓದಿ ಹೇಳಿ, ಆಮೇಲೆ ನೆನಪಿದೆಯಾ ಅಂತ ಕೇಳುವ ಪರೀಕ್ಷೆ. ಬಿಟ್ಟ ದಿನ, ಮರುದಿನ, 7ನೇ ದಿನ ಇವರು ಹಿಂದೆ ಬಿದ್ದರು. 28ನೇ ದಿನಕ್ಕೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ. 2018ರಲ್ಲಿ 16ರಿಂದ 25 ವರ್ಷದವರ ಮೇಲೆ ಇಂಥದ್ದೇ ಕೆಲಸ ನಡೆಯಿತು. ಒಂದು ತಿಂಗಳು ಬಿಟ್ಟವರ ನೆನಪು ಸುಧಾರಿಸಿತು, ಅದರಲ್ಲೂ ಹೆಚ್ಚಿನ ಸುಧಾರಣೆ ಮೊದಲ ವಾರದಲ್ಲೇ. ಅದೇ ವರ್ಷ ಹದಿವಯಸ್ಸಿನವರು, ಯುವಕರ ಬಗ್ಗೆ ಬಂದ 69 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಗಾಂಜಾದಿಂದಾಗುವ ಕೊರತೆ ಸರಾಸರಿಯಲ್ಲಿ ಸಣ್ಣದು, 72 ಗಂಟೆಗಿಂತ ಜಾಸ್ತಿ ಬಿಟ್ಟವರಲ್ಲಿ ಅದು ಇನ್ನೂ ಕರಗುತ್ತದೆ ಎಂದು ಕಂಡಿತು.

ಹಾಗಾದರೆ 22ನೇ ದಿನವೂ ಅಳತೆ ಯಾಕೆ ಮರೆಯುತ್ತೀರಿ? ಒಂದು, ನಿಮ್ಮದು ಸರಾಸರಿ ಸೇವನೆ ಅಲ್ಲ, ಜಾಸ್ತಿ ಇತ್ತು. ಇನ್ನೊಂದು, ನಿದ್ದೆ. ರಾತ್ರಿ ನಾಲ್ಕು ಸಲ ಎದ್ದವನಿಗೆ, ಗಾಂಜಾ ಮುಟ್ಟದೇ ಇದ್ದರೂ, ಮರುದಿನ ಅಳತೆ ಮರೆಯುತ್ತದೆ. ನಿಮ್ಮ ಮರೆವಿನಲ್ಲಿ ನಿದ್ದೆಯ ಪಾಲು ದೊಡ್ಡದು ಅಂತ ನನಗೆ ಅನ್ನಿಸುತ್ತದೆ. ಅಲ್ಲಿಯವರೆಗೆ ಅಳತೆಯನ್ನು ಗಿರಾಕಿ ಎದುರಿಗೇ ಬರೆದುಕೊಳ್ಳಿ. ನಾಚಿಕೆ ಬೇಡ, ನಾನೂ ರೋಗಿ ಹೇಳಿದ್ದನ್ನು ಬರೆದುಕೊಂಡೇ ಕೇಳುತ್ತೇನೆ.

ಈಗ ಕೈ. ನಿಮ್ಮ ಅನ್ನ ಇರುವುದು ಅಲ್ಲಿ. ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಿಮಗಾಗಿಯೇ ಮಾಡಿದ ಹಾಗಿದೆ. ದಿನವೂ ಸೇದುತ್ತಿದ್ದ 19 ಗಂಡಸರನ್ನು 3 ವಾರ ಮುಚ್ಚಿದ ಸಂಶೋಧನಾ ಘಟಕದಲ್ಲಿ ಇಟ್ಟರು. ಗಾಂಜಾ ಸಿಗುವ ದಾರಿಯೇ ಇಲ್ಲ. ಅಷ್ಟರ ನಡುವೆ ಕೆಲವು ಸಲ ಅವರ ಕೈ-ಕಣ್ಣಿನ ಪರೀಕ್ಷೆ ಮಾಡಿದರು. ಒಂದು ಪರೀಕ್ಷೆಯಲ್ಲಿ ಪರದೆ ಮೇಲೆ ಒಂದು ಗುರುತು ಆಚೆ ಈಚೆ ವಾಲುತ್ತಿರುತ್ತದೆ, ಅದನ್ನು ಕೈಯಿಂದ ನಡುವೆ ಹಿಡಿದು ನಿಲ್ಲಿಸಬೇಕು. ಹೋಗ್ತಾ ಹೋಗ್ತಾ ವಾಲುವ ವೇಗ ಹೆಚ್ಚುತ್ತದೆ. ಇನ್ನೊಂದರಲ್ಲಿ ಆ ಥರದ ಕೆಲಸ ಮಾಡುತ್ತಲೇ ಬೇರೆ ಕಡೆಯೂ ಕಣ್ಣಿಟ್ಟಿರಬೇಕು. ಮೊದಲನೆಯದು ನಿಮ್ಮ ಉಳಿ, ಎರಡನೆಯದು ನಿಮ್ಮ ಬೈಕು ಅಂದುಕೊಳ್ಳಿ. ಫಲಿತಾಂಶ ಏನು ಗೊತ್ತಾ? ಬಿಟ್ಟ ದಿನಗಳು ಹೆಚ್ಚಿದಂತೆ ಎರಡೂ ಸುಧಾರಿಸಿದವು. ಆದರೆ 3 ವಾರ ಮುಗಿದರೂ ಅಪರೂಪಕ್ಕೆ ಮಾತ್ರ ಸೇದುವವರ ಮಟ್ಟಕ್ಕೆ ಬರಲಿಲ್ಲ.

22ನೇ ದಿನ ನಿಮಗೆ ಆಗುತ್ತಿರುವುದೂ ಇದೇ. ನೀವು ಹಾಳಾಗಿಲ್ಲ, ದಾರಿ ಮಧ್ಯದಲ್ಲಿದ್ದೀರಿ. ಈ ಅಧ್ಯಯನದ ಮಿತಿಯನ್ನೂ ಹೇಳಬೇಕು. ಜನ ಕಡಿಮೆ. ಅವರು ಗಾಂಜಾ ಹಿಡಿಯುವ ಮೊದಲು ಕೈ ಹೇಗಿತ್ತು ಅಂತ ಯಾರೂ ಅಳೆದಿರಲಿಲ್ಲ. ಮತ್ತೆ 3 ವಾರಕ್ಕೇ ಅಳತೆ ನಿಂತಿತು. ಹಾಗಾಗಿ 'ಕೈ ಹೋಯಿತು' ಎಂದು ಅದರಿಂದ ಯಾರೂ ಹೇಳಲು ಬರುವುದಿಲ್ಲ. '3 ವಾರ ಸಾಲದು' ಎಂದು ಧೈರ್ಯವಾಗಿ ಹೇಳಬಹುದು.

ಎಷ್ಟು ಸೇದಿದ್ದೀರಿ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. 2002ರಲ್ಲಿ ಕರೆನ್ ಬೊಲ್ಲಾ ಅವರ ತಂಡ 22 ಜನರನ್ನು 28 ದಿನ ಬಿಡಿಸಿ ಪರೀಕ್ಷಿಸಿತು. ವಾರಕ್ಕೆ ಸೇದುತ್ತಿದ್ದ ಸಂಖ್ಯೆ ಏರಿದಷ್ಟೂ ನೆನಪು, ಯೋಚನೆಯ ವೇಗ, ಬೆರಳಿನ ಚುರುಕು ಇಳಿದದ್ದು 28 ದಿನ ಆದ ಮೇಲೂ ಕಾಣುತ್ತಿತ್ತು. ಬೆರಳಿನ ಚುರುಕು ಎಂಬ ಮಾತಿಗೆ ಗಮನ ಕೊಡಿ. ಅಲ್ಲಿ ತೀರಾ ಜಾಸ್ತಿ ಸೇದುವವರು ಅಂದರೆ ವಾರಕ್ಕೆ 80-100ರ ಲೆಕ್ಕ. ನಿಮ್ಮದು ವಾರಕ್ಕೆ 28-35. ನೀವು ಆ ಗುಂಪಿನವರಲ್ಲ, ಆದರೆ ಕಡಿಮೆ ಸೇದುವವರ ಗುಂಪಿನಲ್ಲೂ ಇಲ್ಲ. ಕೈ ಪೂರ್ತಿ ಹಿಡಿತಕ್ಕೆ ಬರಲು ಒಂದು ತಿಂಗಳಲ್ಲ, ಎರಡು ಮೂರು ತಿಂಗಳು ಇಟ್ಟುಕೊಳ್ಳಿ ಎಂದು ನಾನು ಹೇಳುವುದು ಇದೆಲ್ಲ ನೋಡಿ. ಇದು ನನ್ನ ಅಂದಾಜು, ನನ್ನ ಓಪಿಡಿಯ ಅನುಭವ.

ನಮ್ಮ ದೇಶದ್ದೂ ಒಂದು ಹೇಳಿಬಿಡುತ್ತೇನೆ. 1970ರ ದಶಕದಲ್ಲಿ ಚಂಡೀಗಢದ ಮನೋವೈದ್ಯರು ವರ್ಷಗಟ್ಟಲೆ ಭಂಗಿ ಕುಡಿಯುವವರನ್ನೂ ಚರಸ್ ಸೇದುವವರನ್ನೂ ಪರೀಕ್ಷಿಸಿದ್ದರು. ಇವರ ಪ್ರತಿಕ್ರಿಯೆ ನಿಧಾನ, ಏಕಾಗ್ರತೆ ಕಡಿಮೆ, ಕಣ್ಣು-ಕೈ ಕೂಡಿ ಮಾಡುವ ಕೆಲಸದಲ್ಲಿ ತಪ್ಪು ಜಾಸ್ತಿ. ಭಂಗಿಯವರಿಗಿಂತ ಚರಸ್ ಸೇದುವವರಲ್ಲಿ ನೆನಪು ಇನ್ನೂ ಹಿಂದೆ. ಸುಮಾರು ಹತ್ತು ವರ್ಷದ ಮೇಲೆ ಅವರಲ್ಲಿ ಸಿಕ್ಕವರನ್ನು ಮತ್ತೆ ನೋಡಿದಾಗ, ಸೇವನೆ ಮುಂದುವರಿದವರು ಕೆಲವು ಪರೀಕ್ಷೆಗಳಲ್ಲಿ ಇನ್ನಷ್ಟು ಕುಸಿದಿದ್ದರು. ನಿಮ್ಮ ಓಣಿಯ ಅಜ್ಜನ ಮಾತಿಗೆ ಇದೇ ನನ್ನ ಉತ್ತರ. ಅಜ್ಜ 80 ಬದುಕಿರಬಹುದು, ಅದು ನಿಜ. ಗಾಂಜಾ ಉಸಿರಾಟ ನಿಲ್ಲಿಸಿ ಕೊಲ್ಲುವ ವಸ್ತುವಲ್ಲ, ಉಸಿರಾಟ ನಡೆಸುವ ಮೆದುಳಿನ ಕಾಂಡದಲ್ಲಿ ಆ ಬೀಗಗಳು ತೀರಾ ಕಡಿಮೆ. ಆದರೆ ಅಜ್ಜನ ಪ್ರತಿಕ್ರಿಯೆ ಎಷ್ಟು ನಿಧಾನ ಇತ್ತು ಅಂತ ಯಾರು ಅಳೆದರು? ಕಟ್ಟೆ ಮೇಲೆ ಕೂತು ಮಾತಾಡುವವರಿಗೆ ಅರ್ಧ ಸೆಕೆಂಡ್ ತಡವಾದರೆ ಯಾರಿಗೂ ತಿಳಿಯುವುದಿಲ್ಲ. ಕೂದಲೆಳೆಯಂಥ ಬೆಳ್ಳಿ ತಂತಿ ಕೂಡಿಸುವವನಿಗೆ ತಿಳಿಯುತ್ತದೆ.

ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ, ನಮ್ಮ ಕಡೆಯ ಕೆಲವು ಆರೂಢ, ಅವಧೂತ ಪರಂಪರೆಗಳಲ್ಲಿ ಗಾಂಜಾವನ್ನು ಪ್ರಸಾದದಂತೆ ಕಾಣುವ ರೂಢಿ ಇದೆ. ಅದನ್ನು ಹೀಗಳೆಯುವ ಉದ್ದೇಶ ನನಗಿಲ್ಲ. ಆದರೆ 17ನೇ ವಯಸ್ಸಿಗೆ ಹಿಡಿದು, ತಂಬಾಕಿಗೆ ಬೆರೆಸಿ, ಕೆಲಸಕ್ಕೆ ಕೂರುವ ಮೊದಲು ದಿನವೂ ಸೇದುವುದಕ್ಕೂ ಆ ರೂಢಿಗೂ ಸಂಬಂಧವಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

17 ಎಂಬ ವಯಸ್ಸಿನ ಬಗ್ಗೆ ಎರಡು ಮಾತು, ಯಾಕೆಂದರೆ ಈ ವಿಷಯ ಮೊಬೈಲ್‌ನಲ್ಲಿ ಹುಡುಕಿದರೆ ಹೆದರಿಸುವ ಸುದ್ದಿಯೇ ಜಾಸ್ತಿ ಸಿಗುತ್ತದೆ. ನ್ಯೂಜಿಲೆಂಡ್‌ನ ಡುನೆಡಿನ್ ಊರಿನಲ್ಲಿ 1972-73ರಲ್ಲಿ ಹುಟ್ಟಿದ 1,037 ಜನರನ್ನು ಹುಟ್ಟಿನಿಂದ ಹಿಂಬಾಲಿಸಿದ್ದಾರೆ. ಹದಿಹರೆಯದಲ್ಲಿ ಶುರುಮಾಡಿ ವರ್ಷಗಟ್ಟಲೆ ಬಿಡದೆ ಸೇದಿದವರ ಐಕ್ಯೂ 38ನೇ ವಯಸ್ಸಿಗೆ ಸುಮಾರು 8 ಅಂಕ ಇಳಿದಿತ್ತು, ಬಿಟ್ಟ ಮೇಲೂ ಪೂರ್ತಿ ಮರಳಲಿಲ್ಲ ಎಂದು 2012ರಲ್ಲಿ ವರದಿ ಬಂತು. ಆಮೇಲೆ 2016ರಲ್ಲಿ ಅಮೆರಿಕದ ಅವಳಿಗಳನ್ನು ನೋಡಿದರು. ಸೇದಿದವನಿಗೂ ಸೇದದ ಅವನ ಅವಳಿಗೂ ಐಕ್ಯೂ ಇಳಿತದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಮನೆಯ ಪರಿಸ್ಥಿತಿ, ಓದು ನಿಲ್ಲುವುದು, ಬೇರೆ ಚಟಗಳು, ಇವೆಲ್ಲ ಸೇರಿಕೊಂಡಿರುತ್ತವೆ. ನನ್ನ ಅಭಿಪ್ರಾಯ ಇದು: ಎಳೆಯ ವಯಸ್ಸಿನಲ್ಲಿ ಶುರುವಾದದ್ದು ಖಂಡಿತ ಒಳ್ಳೆಯದಲ್ಲ, ಯಾಕೆಂದರೆ ಹಣೆಯ ಹಿಂದಿನ ಮೆದುಳು 20 ದಾಟಿದ ಮೇಲೂ ಬಲಿಯುತ್ತಲೇ ಇರುತ್ತದೆ. ಆದರೆ ಒಳ್ಳೆಯ ಸುದ್ದಿಯೂ ಅದರಲ್ಲೇ ಇದೆ. 26ಕ್ಕೆ ಬಿಟ್ಟವನನ್ನೂ 38ರವರೆಗೆ ಸೇದಿದವನನ್ನೂ ಒಂದೇ ಗುಂಪಿಗೆ ಹಾಕಬಾರದು. ನೀವು ಹನ್ನೆರಡು ವರ್ಷ ಮೊದಲೇ ಇಳಿದಿದ್ದೀರಿ.

ಇನ್ನು ನಿಮ್ಮ ಜೊತೆಗಾರ ಅಣ್ಣನ ಮಾತು: 'ಒಂದು ದಮ್ ಎಳೆ, ಕೈ ನಿಲ್ಲುತ್ತದೆ.' ಅವರು ಸುಳ್ಳು ಹೇಳುತ್ತಿಲ್ಲ. ನಿಂತ ಹಾಗೆ ಅನ್ನಿಸುತ್ತದೆ. ಯಾಕೆಂದರೆ ಬಿಟ್ಟಾಗ ಬರುವ ಚಡಪಡಿಕೆ, ನಡುಕ ಆ ಹೊತ್ತಿಗೆ ಅಡಗುತ್ತದೆ. ಕೆಲಸಕ್ಕೆ ಕೂರುವ ಮೊದಲು ನಿಮಗೆ ಒಂದು 'ಬೇಕೇ ಬೇಕಿತ್ತು' ಅಂತ ಬರೆದಿದ್ದೀರಲ್ಲ, ಅದೂ ಇದೇ. ರಾತ್ರಿಯ ಗಾಂಜಾ ಇಳಿದು ಬೆಳಗ್ಗೆ ಶುರುವಾಗುತ್ತಿದ್ದ ತೊಂದರೆಗೆ ಬೆಳಗ್ಗೆಯ ಗಾಂಜಾ ಮದ್ದಾಗುತ್ತಿತ್ತು. ಆದರೆ ಕೈ ನಿಂತಿದೆ ಅನ್ನಿಸುವುದು ಬೇರೆ, ನಿಂತಿರುವುದು ಬೇರೆ. 2022ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 191 ಜನರನ್ನು ಗಾಡಿ ಓಡಿಸುವ ಯಂತ್ರದ ಮುಂದೆ ಕೂರಿಸಿ ನೋಡಿದರು. ಸೇದಿದ ಒಂದೂವರೆ ಗಂಟೆಗೇ ಬಹಳ ಜನ 'ಈಗ ಓಡಿಸಬಲ್ಲೆ' ಅನ್ನತೊಡಗಿದರು. ಆದರೆ ಆ ಹೊತ್ತಿಗೆ ಅವರ ಓಡಿಸುವಿಕೆ ಸುಧಾರಿಸಿರಲೇ ಇಲ್ಲ. ಸರಿಹೋಗಲು ಸುಮಾರು ನಾಲ್ಕೂವರೆ ಗಂಟೆ ಹಿಡಿಯಿತು. ಆ ನಡುವಿನ ಹೊತ್ತೇ ಅಪಾಯದ್ದು, ಅಲ್ವಾ? ಮತ್ತೆ ಒಂದು ದಮ್ ಎಳೆದರೆ ತೆರೆಯುತ್ತಿರುವ ಕಿಟಕಿಗಳನ್ನು ನೀವೇ ಮುಚ್ಚಿದ ಹಾಗೆ. ಆ ಅಣ್ಣನಿಗೆ ಎದುರಾಡಬೇಡಿ. 'ಡಾಕ್ಟರ್ ಮೂರು ತಿಂಗಳು ಬೇಡ ಅಂದಿದ್ದಾರೆ' ಅಂತ ನನ್ನ ಮೇಲೆ ಹಾಕಿ.

ನಡುಕದ ಬಗ್ಗೆ ಇನ್ನೊಂದು ಮಾತು ಇದೆ. ಗಾಂಜಾ ಬಿಟ್ಟಾಗಿನ ತೊಂದರೆ ಒಂದೆರಡು ದಿನದಲ್ಲಿ ಶುರುವಾಗಿ, ಮೊದಲ ವಾರದಲ್ಲಿ ಜೋರಾಗಿ, ಎರಡು ಮೂರು ವಾರದಲ್ಲಿ ಇಳಿಯುತ್ತದೆ. ಕನಸು ಮತ್ತು ನಿದ್ದೆ ಮಾತ್ರ ಒಂದು ತಿಂಗಳಾಚೆಗೂ ಕಾಡಬಹುದು. ಗಾಂಜಾ ಕನಸಿನ ನಿದ್ದೆಯನ್ನು ಒತ್ತಿಹಿಡಿದಿರುತ್ತದೆ, ಬಿಟ್ಟ ಮೇಲೆ ಅದು ಬಾಕಿ ಸಮೇತ ಬರುತ್ತದೆ. ಹೆದರಬೇಡಿ. ಆದರೆ ಕೈ ನಡುಕ 22ನೇ ದಿನವೂ ಇದೆ ಅಂದರೆ ಬೇರೆ ಕಾರಣವನ್ನೂ ಹುಡುಕಬೇಕು. ನೀವು ತಂಬಾಕಿಗೆ ಬೆರೆಸಿ ಸೇದುತ್ತಿದ್ದಿರಿ. ತಂಬಾಕೂ ಬಿಟ್ಟಿರಾ? ಬಿಟ್ಟಿದ್ದರೆ ನಿಕೋಟಿನ್ ಬಿಟ್ಟ ತೊಂದರೆಯೂ ಕೂಡಿದೆ. ಮತ್ತೆ ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ, ಚಹಾ. ಹೊಗೆ ಸೇದುವವರ ಯಕೃತ್ತು ಕೆಫೀನನ್ನು ಬೇಗ ಕರಗಿಸುತ್ತದೆ. ಹೊಗೆ ನಿಂತರೆ ಆ ವೇಗ ಇಳಿಯುತ್ತದೆ. ಮೊದಲು ಕುಡಿಯುತ್ತಿದ್ದ ಅದೇ ಆರು ಕಪ್ ಚಹಾ ಈಗ ಒಂಬತ್ತು ಹತ್ತು ಕುಡಿದ ಹಾಗೆ ಮೈಗೆ ಹತ್ತುತ್ತದೆ. ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ಬರುವುದಿಲ್ಲ. ದಿನಕ್ಕೆ ಎರಡು ಕಪ್‌ಗೆ ಇಳಿಸಿ, ಮಧ್ಯಾಹ್ನದ ಮೇಲೆ ಬೇಡ. ನಾಲ್ಕೈದು ದಿನದಲ್ಲಿ ಫರಕು ಕಾಣಬೇಕು.

ಎರಕ ಹೊಯ್ಯುವ ಕೆಲಸಕ್ಕೂ ಹೋಗುತ್ತೀರಾ? ಬಿದ್ರಿಯಲ್ಲಿ ಸತುವೇ ಹೆಚ್ಚು. ಕಾಯಿಸಿದ ಸತುವಿನ ಹೊಗೆ ಕುಡಿದರೆ ಅವತ್ತು ರಾತ್ರಿ ಚಳಿಜ್ವರ, ಮೈಕೈ ನೋವು, ನಡುಕ ಬಂದು ಒಂದೆರಡು ದಿನದಲ್ಲಿ ಹೋಗುತ್ತದೆ. ಅದನ್ನು ಗಾಂಜಾ ಬಿಟ್ಟದ್ದಕ್ಕೆ ಆಯಿತು ಅಂದುಕೊಳ್ಳಬೇಡಿ. ಗಾಳಿ ಆಡುವ ಕಡೆ ಆ ಕೆಲಸ ಮಾಡಿ.

ಸಾರಾಯಿ ಬಗ್ಗೆ ನೀವು ಬರೆದಿಲ್ಲ. ಗಾಂಜಾ ಬಿಟ್ಟ ಮೇಲೆ ನಿದ್ದೆಗೆ ಅಂತ ಕುಡಿಯುವವರನ್ನು ನಾನು ತುಂಬಾ ನೋಡಿದ್ದೇನೆ. ಬೇಡವೇ ಬೇಡ. ಈಗಾಗಲೇ ದಿನವೂ ಕುಡಿಯುತ್ತಿದ್ದರೆ ಅದನ್ನು ಒಮ್ಮೆಲೇ ನೀವಾಗಿ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ಡಾಕ್ಟರ್ ಹತ್ತಿರ ಹೋಗಿ ನಿಲ್ಲಿಸಿ. ಮೆಡಿಕಲ್ ಅಂಗಡಿಯಲ್ಲಿ ನಿದ್ದೆ ಗುಳಿಗೆ ಕೇಳುವುದೂ ಬೇಡ. ಒಂದು ಚಟ ಇಳಿಸಿ ಇನ್ನೊಂದು ಹೊತ್ತ ಹಾಗಾಗುತ್ತದೆ. ಥೈರಾಯ್ಡ್ ಒಂದು ಪರೀಕ್ಷೆ ಮಾಡಿಸಿ. ನಡುಕಕ್ಕೆ ಅದೂ ಕಾರಣ ಆಗಬಹುದು, ಮಾಡಿಸುವುದು ಸುಲಭ.

ಬೈಕಿನ ವಿಷಯದಲ್ಲಿ ನಾನು ಸ್ವಲ್ಪ ಬಿಗಿಯಾಗಿಯೇ ಹೇಳುತ್ತೇನೆ. ಮೊನ್ನೆ ಬ್ರೇಕ್ ತಡವಾದದ್ದು ಸಣ್ಣ ವಿಷಯವಲ್ಲ. ಇನ್ನು ಒಂದು ತಿಂಗಳು ಊರೊಳಗೆ ನಿಧಾನವಾಗಿ, ಹಗಲಿನಲ್ಲಿ, ಹೆಲ್ಮೆಟ್ ಹಾಕಿ ಓಡಿಸಿದರೆ ಸಾಕು. ಹುಮನಾಬಾದ್ ಕಡೆಯ ಹೆದ್ದಾರಿ, ರಾತ್ರಿ ಓಡಾಟ, ಹಿಂದೆ ಅವ್ವನನ್ನೋ ತಂಗಿಯನ್ನೋ ಕೂರಿಸಿಕೊಂಡು ಹೋಗುವುದು ಬೇಡ. ನಿದ್ದೆ ಕೆಟ್ಟ ರಾತ್ರಿಯ ಮರುದಿನ ಬೈಕ್ ಮುಟ್ಟಲೇಬೇಡಿ, ಬಸ್ ಹಿಡಿಯಿರಿ.

ಕೆಲಸ ನಿಲ್ಲಿಸಬೇಕಾಗಿಲ್ಲ. ನಿಲ್ಲಿಸಿದರೆ ಕೈ ಇನ್ನೂ ತಡವಾಗಿ ಬರುತ್ತದೆ, ಮನಸ್ಸೂ ಕುಸಿಯುತ್ತದೆ. ಬದಲಾಯಿಸಿ. ಸಣ್ಣ ತಂತಿಯ ಕೆಲಸವನ್ನು ಬೆಳಗ್ಗೆ, ನಿದ್ದೆ ಆಗಿರುವ ದಿನ, ಅರ್ಧ ಗಂಟೆಯಂತೆ ಮಾಡಿ. ಉಳಿದ ಹೊತ್ತು ಉಜ್ಜುವುದು, ಕೋಟೆ ಮಣ್ಣಿನಲ್ಲಿ ಕಪ್ಪು ಮಾಡುವುದು, ಎಣ್ಣೆ ಹಚ್ಚುವುದು ಇರಲಿ. ಸಂಜೆ ಮುಕ್ಕಾಲು ಗಂಟೆ ಜೋರಾಗಿ ನಡೆಯಿರಿ. ನಿಮ್ಮಲ್ಲಿ ಕೋಟೆಯೊಳಗೇ ಎಷ್ಟು ಜಾಗವಿದೆ. ನಿದ್ದೆಗೆ ನಾನು ಬರೆದುಕೊಡುವ ಮೊದಲ ಔಷಧ ಅದೇ. ಗಾಂಜಾ ಬಿಟ್ಟ ತೊಂದರೆಗೆಂದೇ ಮಂಜೂರಾದ ಗುಳಿಗೆ ಇಲ್ಲಿಯವರೆಗೆ ಬಂದಿಲ್ಲ. ಆಪ್ತಸಮಾಲೋಚನೆ, ನಿದ್ದೆಯ ಶಿಸ್ತು, ದಿನ ತುಂಬುವ ಕೆಲಸ, ಇವೇ ಹೆಚ್ಚು ಜನರನ್ನು ದಡ ಮುಟ್ಟಿಸಿವೆ.

ಟಿಎಚ್‌ಸಿ ಕೊಬ್ಬಿನಲ್ಲಿ ಕೂತು ನಿಧಾನವಾಗಿ ಹೊರಗೆ ಬರುತ್ತದೆ. ದಿನವೂ ಸೇದಿದವರ ಮೂತ್ರದಲ್ಲಿ ಒಂದು ತಿಂಗಳು, ಕೆಲವರಲ್ಲಿ ಇನ್ನೂ ಜಾಸ್ತಿ ದಿನ ಅದರ ಗುರುತು ಸಿಗುತ್ತದೆ. ಗಲ್ಫ್ ಕೆಲಸಕ್ಕೆ ಮೆಡಿಕಲ್ ಮಾಡಿಸುವ ಯೋಚನೆ ಇದ್ದರೆ ಇದು ನೆನಪಿರಲಿ. ಅದನ್ನು ತೊಳೆಯುತ್ತೇವೆ ಅಂತ ಮಾರುವ ಪುಡಿ, ಕಷಾಯಗಳಿಗೆ ದುಡ್ಡು ಹಾಕಬೇಡಿ.

ಕೆಲವು ಲಕ್ಷಣ ಕಂಡರೆ ಮಾತ್ರ ಕಾಯಬಾರದು. ಯಾರೂ ಇಲ್ಲದಿದ್ದರೂ ದನಿ ಕೇಳುವುದು, ಎಲ್ಲರೂ ನನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಅನ್ನಿಸುವುದು, ಬದುಕು ಬೇಡ ಅನ್ನಿಸುವುದು. ಹಾಗೇ ಒಂದೇ ಕಡೆಯ ಕೈ ನಡುಗುವುದು, ಸುಮ್ನೆ ಕೂತಾಗಲೂ ನಡುಗುವುದು, ನಡೆಯುವಾಗ ವಾಲುವುದು. ಇಂಥದ್ದು ಇದ್ದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ನಿಮ್ಮಲ್ಲೇ ಬ್ರಿಮ್ಸ್ ಆಸ್ಪತ್ರೆ ಇದೆ, ಕಲಬುರಗಿಯಲ್ಲಿ ಜಿಮ್ಸ್, ಯಾದಗಿರಿಯಲ್ಲಿ ಯಿಮ್ಸ್. ಫೋನಿನಲ್ಲೇ ಮಾತಾಡಬೇಕು ಅಂದರೆ ಟೆಲಿ-ಮಾನಸ್ 14416, ಚಟ ಬಿಡಿಸುವ ಸಹಾಯವಾಣಿ 14446.

ಪೊಲೀಸರಿಗೆ ಗೊತ್ತಾಗುತ್ತದೆ ಅಂತ ಆಸ್ಪತ್ರೆಗೆ ಬರಲು ಹೆದರುವವರು ಇದ್ದಾರೆ. ನೀವು ಹೇಳಿದ್ದನ್ನು ಗುಟ್ಟಾಗಿ ಇಡಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಸೇದುವುದೂ ಅಪರಾಧವೇ, ನಿಜ. ಆದರೆ ಅದೇ ಕಾಯ್ದೆಯ 64ಎ ಕಲಂ ಇದೆ. ಸೇವನೆಯ ಅಥವಾ ಸಣ್ಣ ಪ್ರಮಾಣದ ಕೇಸು ಬಿದ್ದ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಸರ್ಕಾರ ಒಪ್ಪಿದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಬಂದರೆ ವಿಚಾರಣೆಯಿಂದ ಅವನಿಗೆ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು.

ಕೊನೆಗೆ ಒಂದು ಕೆಲಸ ಹೇಳುತ್ತೇನೆ. ಮನೆಯಲ್ಲಿ ಹಾಳಾದ ಬಿದ್ರಿ ತುಂಡು ಒಂದು ಇದ್ದೇ ಇರುತ್ತದೆ. ಪ್ರತಿ ಭಾನುವಾರ ಬೆಳಗ್ಗೆ, ಚಹಾ ಕುಡಿಯುವ ಮೊದಲು, ಅದರ ಮೇಲೆ ಒಂದು ನೇರ ಗೆರೆ, ಒಂದು ಸುತ್ತು ಬಳ್ಳಿ ಕೊರೆಯಿರಿ. ಎಷ್ಟು ನಿಮಿಷ ಹಿಡಿಯಿತು, ಎಷ್ಟು ಕಡೆ ಜಾರಿತು ಅಂತ ಒಂದು ಚೀಟಿಯಲ್ಲಿ ದಿನಾಂಕ ಹಾಕಿ ಬರೆಯಿರಿ. ಹಿಂದಿನ ವಾರದ ಗೆರೆ ಅಳಿಸಬೇಡಿ, ಅದರ ಪಕ್ಕದಲ್ಲೇ ಹೊಸದು ಬರಲಿ. ಕೈ ಸುಧಾರಿಸಿದೆಯಾ ಅಂತ ನಿಮ್ಮ ಮನಸ್ಸನ್ನು ಕೇಳಿದರೆ ನಿದ್ದೆ ಕೆಟ್ಟ ದಿನ ಅದು ಇಲ್ಲ ಅನ್ನುತ್ತದೆ, ತುಂಡನ್ನು ಕೇಳಿ. ಹನ್ನೆರಡು ಭಾನುವಾರ ಆದ ಮೇಲೆ ಕಲಬುರಗಿ ಕಡೆ ಬಂದರೆ ಆ ತುಂಡನ್ನೂ ಚೀಟಿಯನ್ನೂ ತೆಗೆದುಕೊಂಡು ಬನ್ನಿ. ಗೆರೆ ಎಲ್ಲಿಂದ ನೆಟ್ಟಗಾಯಿತು ಅಂತ ಇಬ್ಬರೂ ಕೂತು ನೋಡೋಣ.